ಸೇತುವೆಯ ಲೆಕ್ಕ ತಪ್ಪಿದಾಗ: ಕರಾವಳಿ ಮಹಾನಗರದ ಪ್ರಯಾಣ ಬೇಡಿಕೆ ಮಾಡೆಲ್‌ನಲ್ಲಿ ದೋಷ ಹುಡುಕುವ ಬಗೆ

ಊರಿನ ಜನ ಎಲ್ಲಿಂದ ಎಲ್ಲಿಗೆ, ಹೇಗೆ ಓಡಾಡುತ್ತಾರೆ ಅಂತ ಕಂಪ್ಯೂಟರ್‌ನಲ್ಲಿ ಅಂದಾಜಿಸುವುದೇ ಪ್ರಯಾಣ ಬೇಡಿಕೆ ಮಾಡೆಲ್. ಊರೊಳಗೆಲ್ಲ ಈ ಮಾಡೆಲ್ ಚೆನ್ನಾಗಿಯೇ ಇದೆ. ಮುಖ್ಯ ರಸ್ತೆಗಳಲ್ಲಿ ಅದು ಕೊಡುವ ವಾಹನ ಸಂಖ್ಯೆಗೂ ರಸ್ತೆ ಬದಿ ಎಣಿಸಿದ ಸಂಖ್ಯೆಗೂ ಹೆಚ್ಚು ಅಂತರವಿಲ್ಲ. ಅಳಿವೆ ದಾಟುವ ಸೇತುವೆಗಳ ಹತ್ತಿರ ಬಂದಾಗ ಮಾತ್ರ ಲೆಕ್ಕ ಹಳ್ಳ ಹಿಡಿಯುತ್ತದೆ. ಒಂದು ಸೇತುವೆಯಲ್ಲಿ ಶೇ. 40 ಜಾಸ್ತಿ, ಪಕ್ಕದ್ದರಲ್ಲಿ ಶೇ. 20 ಕಡಿಮೆ. ಕಡಲ ತೀರದ ಮಹಾನಗರಕ್ಕೆ ಮಾಡೆಲ್ ಕಟ್ಟಿದವರಿಗೆ ಈ ತಲೆನೋವು ಹೊಸದಲ್ಲ.

ಒಳನಾಡಿನ ಊರು ನಾಲ್ಕೂ ದಿಕ್ಕಿಗೆ ಹರಡುತ್ತದೆ. ಅಲ್ಲಿ ಮಾಡೆಲ್ ಸ್ವಲ್ಪ ತಪ್ಪಿದರೂ ಆ ತಪ್ಪು ನೂರಾರು ರಸ್ತೆಗಳಿಗೆ ಹಂಚಿಹೋಗುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಕಡಲೂರಿನಲ್ಲಿ ಹಾಗಲ್ಲ. ಒಂದು ಕಡೆ ಪೂರ್ತಿ ನೀರು, ನಡುವೆ ಹಿನ್ನೀರು, ಅಳಿವೆ, ದ್ವೀಪ. ದಾಟಲು ನಾಲ್ಕೈದೇ ಜಾಗ. ಹಿಂದಿನ ಹಂತಗಳಲ್ಲಿ ಆದ ಸಣ್ಣಪುಟ್ಟ ತಪ್ಪುಗಳೆಲ್ಲ ಬಂದು ಅಲ್ಲೇ ಗುಡ್ಡೆ ಬೀಳುತ್ತವೆ. ಹಾಗಾಗಿ ಸೇತುವೆಯಲ್ಲಿ ಕಂಡ ದೋಷ ಸೇತುವೆಯಲ್ಲೇ ಹುಟ್ಟಿದ್ದು ಅಂದುಕೊಂಡು ಅಲ್ಲಿಗೇ ತೇಪೆ ಹಾಕಬೇಡಿ. ಈ ಬರಹದ ಉದ್ದಕ್ಕೂ ನಾನು ಹೇಳುವುದು ಇದೊಂದೇ ಮಾತು.

ಇಲ್ಲಿ ನಾಲ್ಕು ಹಂತದ ಮಾಡೆಲ್ ಇದೆ ಅಂತ ಇಟ್ಟುಕೊಂಡಿದ್ದೇನೆ. ಎಲ್ಲಿಂದ ಎಷ್ಟು ಟ್ರಿಪ್ ಹುಟ್ಟುತ್ತದೆ, ಅದು ಎಲ್ಲಿಗೆ ಹೋಗುತ್ತದೆ (ಇದೇ ಹಂಚಿಕೆ), ಯಾವ ವಾಹನದಲ್ಲಿ, ಯಾವ ದಾರಿಯಲ್ಲಿ (ಇದೇ ಅಸೈನ್‌ಮೆಂಟ್). 1950ರ ದಶಕದಲ್ಲಿ ಡೆಟ್ರಾಯಿಟ್, ಶಿಕಾಗೊ ನಗರಗಳ ಸಾರಿಗೆ ಅಧ್ಯಯನಗಳಲ್ಲಿ ರೂಪುಗೊಂಡ ಕ್ರಮ ಇದು. ನಿಮ್ಮದು ಜನರ ದಿನದ ಚಟುವಟಿಕೆಗಳಿಂದ ಪ್ರಯಾಣ ಲೆಕ್ಕ ಹಾಕುವ, ಚಟುವಟಿಕೆ ಆಧಾರಿತ ಹೊಸ ಮಾದರಿಯಾದರೂ ಇಲ್ಲಿನ ಪರೀಕ್ಷೆಗಳಲ್ಲಿ ಹೆಚ್ಚಿನವು ಹಾಗೇ ನಡೆಯುತ್ತವೆ, ಏಕೆಂದರೆ ನೀರು ಎರಡಕ್ಕೂ ಒಂದೇ.

ಮೊದಲು ಲಕ್ಷಣ ಬರೆದುಕೊಳ್ಳಿ

"ಸೇತುವೆ ಮ್ಯಾಚ್ ಆಗ್ತಿಲ್ಲ" ಅಂದರೆ ಏನೂ ಹೇಳಿದಂತಾಗಲಿಲ್ಲ. ನೀರಿನ ಉದ್ದಕ್ಕೂ ಒಂದು ಗೆರೆ ಎಳೆಯಿರಿ. ಇದೇ ಸ್ಕ್ರೀನ್‌ಲೈನ್. ಅದನ್ನು ದಾಟುವ ಎಲ್ಲ ಸೇತುವೆ, ಸುರಂಗ, ಫೆರಿ ಸೇರಿಸಿ ಒಟ್ಟು ತೆಗೆಯಿರಿ. ಒಂದನ್ನೂ ಬಿಡಬೇಡಿ. ದೂರದ, ಯಾರೂ ನೆನಪಿಡದ ಹಳೇ ಸೇತುವೆಯೂ ಲೆಕ್ಕಕ್ಕೆ ಬರಬೇಕು.

ಒಟ್ಟು ಸರಿಯಿದ್ದು ಒಂದೊಂದು ಸೇತುವೆ ಮಾತ್ರ ತಪ್ಪಿದ್ದರೆ, ಜನ ದಾಟುತ್ತಿರುವ ಸಂಖ್ಯೆ ಸರಿ, ಆರಿಸುವ ದಾರಿ ತಪ್ಪು. ಆಗ ನೆಟ್‌ವರ್ಕ್ (ಮಾಡೆಲ್‌ನೊಳಗಿನ ರಸ್ತೆ ಜಾಲ) ಮತ್ತು ಕೊನೆಯ ಹಂತವಾದ ಅಸೈನ್‌ಮೆಂಟ್ ಕಡೆ ನೋಡಿ. ಒಟ್ಟೇ ತಪ್ಪಿದ್ದರೆ ದೋಷ ಇನ್ನೂ ಹಿಂದಿದೆ, ಹಂಚಿಕೆಯಲ್ಲೋ ಅದಕ್ಕೂ ಮೊದಲೋ. ಇಡೀ ದಿನದ ಒಟ್ಟು ಸರಿಯಿದ್ದು ಬೆಳಗಿನ ದಟ್ಟಣೆಯ ಹೊತ್ತು ಮಾತ್ರ ತಪ್ಪಿದ್ದರೆ, ದಿನದ ಟ್ರಿಪ್‌ಗಳನ್ನು ಹೊತ್ತುಹೊತ್ತಿಗೆ ಒಡೆಯುವ ಅಂಶ ನೋಡಿ. ಹೋಗುವ ದಿಕ್ಕು ಸರಿ, ಬರುವ ದಿಕ್ಕು ತಪ್ಪು ಅಂತಾದರೆ ಮನೆ–ಕೆಲಸ ರೂಪದ ಮ್ಯಾಟ್ರಿಕ್ಸನ್ನು (ಎಲ್ಲಿಂದ ಎಲ್ಲಿಗೆ ಎಷ್ಟು ಟ್ರಿಪ್ ಅನ್ನುವ ಕೋಷ್ಟಕ) ಹೊರಟ ಜಾಗ–ಮುಟ್ಟಿದ ಜಾಗ ರೂಪಕ್ಕೆ ತಿರುಗಿಸುವಾಗ ಅದಲುಬದಲು ಆಗಿದೆಯೇ ನೋಡಿ. ಬೆಳಿಗ್ಗೆ ಜನ ಕೆಲಸದ ದಂಡೆಯಿಂದ ಮನೆಯ ದಂಡೆಗೆ ಓಡುತ್ತಿರುವಂತೆ ಕಂಡರೆ ಮ್ಯಾಟ್ರಿಕ್ಸ್ ತಲೆಕೆಳಗಾಗಿದೆ ಅಂತಲೇ ಅರ್ಥ.

ಎಷ್ಟು ತಪ್ಪಿದರೆ ತಪ್ಪು? ಇದಕ್ಕೆ ಜಿಇಎಚ್ ಅನ್ನುವ ಅಳತೆ ಬಳಕೆಯಲ್ಲಿದೆ. 1970ರ ದಶಕದಲ್ಲಿ ಲಂಡನ್‌ನಲ್ಲಿ ಜೆಫ್ರಿ ಇ. ಹೇವರ್ಸ್ ರೂಪಿಸಿದ್ದು, ಹೆಸರೂ ಅವರದೇ. ಮಾಡೆಲ್ ಮತ್ತು ಎಣಿಕೆಯ ವ್ಯತ್ಯಾಸದ ವರ್ಗವನ್ನು ಎರಡರಿಂದ ಗುಣಿಸಿ, ಅವೆರಡರ ಮೊತ್ತದಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. ಎಣಿಕೆ 1,000, ಮಾಡೆಲ್ 1,200 ಆದರೆ ಸುಮಾರು 6 ಬರುತ್ತದೆ. ಬ್ರಿಟನ್ನಿನ ಮಾರ್ಗಸೂಚಿಯಲ್ಲಿ ಶೇ. 85ರಷ್ಟು ಲಿಂಕ್‌ಗಳಲ್ಲಿ (ಮಾಡೆಲ್‌ನ ರಸ್ತೆ ತುಂಡುಗಳಲ್ಲಿ) ಇದು 5ಕ್ಕಿಂತ ಕಡಿಮೆ ಇರಬೇಕು ಅಂತಿತ್ತು. ಇದು ಗಂಟೆಯ ಲೆಕ್ಕಕ್ಕೆ ಮಾಡಿದ ಅಳತೆ. ದಿನದ ಲೆಕ್ಕಕ್ಕೆ ಹಾಕಿದರೆ ಒಳ್ಳೇ ಮಾಡೆಲ್ ಕೂಡ ಫೇಲ್ ಆಗುತ್ತದೆ. ಸಂಖ್ಯೆ ದೊಡ್ಡದಾದಷ್ಟೂ, ಅದೇ ಶೇಕಡಾ ವ್ಯತ್ಯಾಸಕ್ಕೆ ಜಿಇಎಚ್ ಏರುತ್ತಾ ಹೋಗುತ್ತದೆ.

ಎಣಿಕೆಯೇ ಸರಿಯಿದೆಯೇ?

ಮಾಡೆಲ್ ಬೈಯುವ ಮುಂಚೆ ಎಣಿಕೆಯನ್ನು ಅನುಮಾನಿಸಿ. ಬಂದರಿರುವ ಊರಿನಲ್ಲಂತೂ ಇದು ಕಡ್ಡಾಯ.

ರಸ್ತೆಗೆ ಅಡ್ಡ ಹಾಕುವ ರಬ್ಬರ್ ಟ್ಯೂಬ್ ವಾಹನ ಎಣಿಸುವುದಿಲ್ಲ, ಆಕ್ಸಲ್ ಎಣಿಸುತ್ತದೆ. ಸರಳ ಯಂತ್ರವಾದರೆ ಬಂದ ಸಂಖ್ಯೆಯನ್ನು ಎರಡರಿಂದ ಭಾಗಿಸಿ ವಾಹನ ಅನ್ನುತ್ತದೆ. ಬಂದರಿನ ದಾರಿಯಲ್ಲಿ 100 ವಾಹನ ಹೋದವು, ಅದರಲ್ಲಿ 80 ಕಾರು, 20 ಐದು ಆಕ್ಸಲ್‌ನ ಕಂಟೇನರ್ ಲಾರಿ ಅಂತಿಟ್ಟುಕೊಳ್ಳಿ. ಕಾರುಗಳದ್ದು 160 ಆಕ್ಸಲ್, ಲಾರಿಗಳದ್ದು 100. ಒಟ್ಟು 260. ಯಂತ್ರ ಹೇಳುವುದು 130 ವಾಹನ. ಏನೂ ತಪ್ಪು ಮಾಡದ ಮಾಡೆಲ್ ಶೇ. 23 ಕಡಿಮೆ ತೋರಿಸುತ್ತಿದೆ ಅಂತ ನೀವು ತಲೆ ಕೆಡಿಸಿಕೊಳ್ಳುತ್ತೀರಿ. ಆಕ್ಸಲ್ ತಿದ್ದುಪಡಿ ಹಾಕಿದ್ದಾರೆಯೇ ಅಂತ ಕೇಳಿ ತಿಳಿದುಕೊಳ್ಳಿ. ಊರಿಗೆಲ್ಲ ಒಂದೇ ತಿದ್ದುಪಡಿ ಹಾಕಿದ್ದರೂ ಸಾಲದು. ಬಂದರಿನ ದಾರಿಗೆ ಬೇರೆಯೇ ಬೇಕು.

ಎಣಿಸಿದ ಕಾಲವನ್ನೂ ನೋಡಿ. ತೀರದ ರಸ್ತೆಯಲ್ಲಿ ಪ್ರವಾಸಿ ಕಾಲಕ್ಕೂ ಮಳೆಗಾಲಕ್ಕೂ ಅಜಗಜಾಂತರ. ಮಾಡೆಲ್ ಸಾಮಾನ್ಯ ವಾರದ ದಿನಕ್ಕೆ ಕಟ್ಟಿದ್ದು, ಎಣಿಕೆ ರಜೆಯ ವಾರದ್ದು ಅಂತಾದರೆ ಎರಡನ್ನೂ ಹೋಲಿಸುವುದೇ ತಪ್ಪು.

ಇನ್ನೊಂದು ಮುಖ್ಯ ಸಂಗತಿ ಇದೆ, ಬಹಳ ಜನ ಇಲ್ಲಿ ಎಡವುತ್ತಾರೆ. ಜಾಮ್ ಆದ ಸೇತುವೆಯಲ್ಲಿ ಎಣಿಸಿದರೆ ಸಿಗುವುದು ದಾಟಿದವರ ಸಂಖ್ಯೆ, ದಾಟಬೇಕೆಂದವರ ಸಂಖ್ಯೆ ಅಲ್ಲ. ಸೇತುವೆಯಲ್ಲಿ ಗಂಟೆಗೆ 3,600 ವಾಹನ ಹಿಡಿಯುತ್ತದೆ, 4,300 ಬಂದು ನಿಂತಿವೆ ಅನ್ನಿ. ಎಣಿಕೆ 3,600ರ ಆಸುಪಾಸು ನಿಲ್ಲುತ್ತದೆ, ಸರದಿ ಕೆಟ್ಟುನಿಂತರೆ ಅದಕ್ಕಿಂತಲೂ ಕಡಿಮೆ. ಸಾಮಾನ್ಯ ಸ್ಟಾಟಿಕ್ ಅಸೈನ್‌ಮೆಂಟ್‌ಗೆ ಸರದಿ ಅಂದರೇನು ಗೊತ್ತಿಲ್ಲ. ಅದು 4,300ನ್ನೂ ನಿಧಾನವಾಗಿ ದಾಟಿಸಿಬಿಡುತ್ತದೆ. ಆಗ ಕಾಣುವ ಶೇ. 19ರ ವ್ಯತ್ಯಾಸ ದೋಷವೇ ಅಲ್ಲ ಅಂತಲೂ ಇರಬಹುದು. ಪರೀಕ್ಷೆ ಸುಲಭ. ಒಂದು ಗಂಟೆ ಬಿಟ್ಟು ಮೂರು ಗಂಟೆಯ ಒಟ್ಟು ಹೋಲಿಸಿ. ಅಲ್ಲಿ ಎರಡೂ ಹತ್ತಿರ ಬಂದರೆ ಬೇಡಿಕೆ ಸರಿ, ಸರದಿ ಮುಂದಿನ ಗಂಟೆಗೆ ಚೆಲ್ಲಿದೆ ಅಷ್ಟೇ. ಬೇಡಿಕೆಯನ್ನು ಕತ್ತರಿಸಿ ಎಣಿಕೆಗೆ ಕೂರಿಸಿದರೆ, ಮುಂದೆ ಹೊಸ ಸೇತುವೆ ಬೇಕೇ ಅಂತ ಕೇಳಿದಾಗ ಮಾಡೆಲ್ "ಬೇಡ" ಅನ್ನುತ್ತದೆ.

ನೀರಿನ ಮೇಲೆ ನಡೆಯುವ ಕನೆಕ್ಟರ್‌ಗಳು

ಎಣಿಕೆ ಸರಿಯಿದೆ ಅಂತಾದ ಮೇಲೆ ನೆಟ್‌ವರ್ಕ್ ತೆರೆಯಿರಿ. ನನ್ನ ಅಂದಾಜಿನಲ್ಲಿ ಕರಾವಳಿ ಮಾಡೆಲ್‌ಗಳ ವಿಚಿತ್ರ ದೋಷಗಳಲ್ಲಿ ಹೆಚ್ಚಿನವು ಇಲ್ಲೇ ಅಡಗಿರುತ್ತವೆ.

ಮಾಡೆಲ್ ಊರನ್ನು ವಲಯಗಳಾಗಿ ಒಡೆಯುತ್ತದೆ. ಪ್ರತಿ ವಲಯಕ್ಕೆ ಒಂದು ಸೆಂಟ್ರಾಯ್ಡ್, ಅಂದರೆ ಆ ವಲಯದ ಟ್ರಿಪ್‌ಗಳೆಲ್ಲ ಹೊರಡುವ, ಮುಟ್ಟುವ ಬಿಂದು. ಅದರಿಂದ ರಸ್ತೆಗೆ ಕನೆಕ್ಟರ್ ಎಂಬ ಕಾಲ್ಪನಿಕ ಲಿಂಕ್. ಸಾಫ್ಟ್‌ವೇರ್ ಸೆಂಟ್ರಾಯ್ಡನ್ನು ಆಕಾರದ ನಡುಬಿಂದುವಿನಲ್ಲಿ ಇಡುತ್ತದೆ. ಕೊಲ್ಲಿಯನ್ನು ಬಳಸಿ ಬಾಗಿದ ವಲಯದ ನಡುಬಿಂದು ಎಲ್ಲಿ ಬೀಳುತ್ತದೆ? ನೀರಿನಲ್ಲಿ. ಆಮೇಲೆ ಸಾಫ್ಟ್‌ವೇರ್ ಹತ್ತಿರದ ನೋಡ್ (ರಸ್ತೆಗಳು ಸೇರುವ ಬಿಂದು) ಹುಡುಕುತ್ತದೆ. ಹತ್ತಿರದ್ದು ಆಚೆ ದಂಡೆಯಲ್ಲಿದ್ದರೆ ಅಲ್ಲಿಗೇ ಕನೆಕ್ಟರ್ ಎಳೆಯುತ್ತದೆ. ಅದಕ್ಕೆ ಸಾಮರ್ಥ್ಯದ ಮಿತಿ ಇಲ್ಲ, ದಟ್ಟಣೆ ಇಲ್ಲ, ಟೋಲ್ ಇಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯದು ಮಾಡೆಲ್. ಅಲ್ಲಿ ದಾರಿ ಇದೆ ಅಂದರೆ ಇದೆ ಅಂತ ನಂಬಿ ಆ ವಲಯದ ಟ್ರಿಪ್‌ಗಳನ್ನೆಲ್ಲ ಆ ಕಡೆ ಕಳಿಸುತ್ತದೆ.

ವಲಯ ಒಂದೇ ಆಗಿದ್ದು ಎರಡೂ ದಂಡೆಗೆ ಚಾಚಿದ್ದರೆ ಇನ್ನೂ ಕಷ್ಟ. ಜನಗಣತಿಯ ಗಡಿಗಳನ್ನು ಹಾಗೇ ತಂದುಕೊಂಡಾಗ ಹೀಗಾಗುತ್ತದೆ. ಎರಡೂ ದಂಡೆಗೆ ಒಂದೊಂದು ಕನೆಕ್ಟರ್ ಇರುತ್ತದೆ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಸೆಂಟ್ರಾಯ್ಡ್ ಮೂಲಕ ಹಾದುಹೋಗುವುದನ್ನು ನೀವೇ ತಡೆಯದಿದ್ದರೆ ಬೇರೆ ವಲಯದ ವಾಹನಗಳೂ ಅದನ್ನು ಸೇತುವೆ ಮಾಡಿಕೊಂಡು ದಾಟುತ್ತವೆ.

ಇದನ್ನು ಹಿಡಿಯಲು ನನಗೆ ಅತ್ಯಂತ ಇಷ್ಟವಾದ ಪರೀಕ್ಷೆ ಒಂದಿದೆ. ನೆಟ್‌ವರ್ಕಿನ ಪ್ರತಿ ತೆಗೆದುಕೊಳ್ಳಿ. ಅದರಲ್ಲಿ ಎಲ್ಲ ಸೇತುವೆ, ಸುರಂಗ, ಫೆರಿಗಳನ್ನು ಕಿತ್ತುಹಾಕಿ. ಸುತ್ತುಬಳಸಿ ಹೋಗುವ ಒಳನಾಡಿನ ದಾರಿಯನ್ನೂ ಕಡಿಯಿರಿ. ಈಗ ಎಲ್ಲ ವಲಯಗಳ ನಡುವಿನ ಅತಿ ಕಡಿಮೆ ಸಮಯದ ಮ್ಯಾಟ್ರಿಕ್ಸ್, ಅಂದರೆ ಸ್ಕಿಮ್, ತೆಗೆಯಿರಿ. ಈ ದಂಡೆಯ ಯಾವ ವಲಯದಿಂದಲೂ ಆ ದಂಡೆಯ ಯಾವ ವಲಯಕ್ಕೂ ದಾರಿ ಇರಬಾರದು. ಒಂದು ಜೋಡಿಗಾದರೂ ಸಮಯದ ಸಂಖ್ಯೆ ಬಂದರೆ ಎಲ್ಲೋ ಸೋರುತ್ತಿದೆ. ಆ ಜೋಡಿಯ ದಾರಿಯನ್ನು ತೆರೆಯ ಮೇಲೆ ಬರೆಸಿದರೆ ಸಾಕು, ಸೋರುವ ಲಿಂಕ್ ಬೆರಳು ತೋರಿಸಿದಂತೆ ಕಾಣುತ್ತದೆ. ಯಾವ ವಲಯ ಯಾವ ದಂಡೆಯದು ಅಂತ ಕೈಯಾರೆ ಗುರುತಿಸುವುದೊಂದೇ ಬೇಸರದ ಕೆಲಸ, ಉಳಿದದ್ದೆಲ್ಲ ಕಂಪ್ಯೂಟರ್ ಮಾಡುತ್ತದೆ. ನೆಟ್‌ವರ್ಕ್ ಮುಟ್ಟಿದಾಗಲೆಲ್ಲ ಇದನ್ನು ಮತ್ತೆ ಓಡಿಸಿ.

ಸೋರಿಕೆ ಇದ್ದರೆ ಲಕ್ಷಣ ಹೀಗಿರುತ್ತದೆ: ನೀರು ದಾಟುವ ಟ್ರಿಪ್‌ಗಳು ಮ್ಯಾಟ್ರಿಕ್ಸ್‌ನಲ್ಲಿ ಜಾಸ್ತಿ, ಸೇತುವೆಯ ಮೇಲೆ ಮಾತ್ರ ಕಡಿಮೆ. ಈ ಎರಡೂ ಒಟ್ಟಿಗೆ ಕಂಡರೆ ಬೇರೇನೂ ನೋಡದೆ ಸೀದಾ ಕನೆಕ್ಟರ್‌ಗೆ ಹೋಗಿ.

ಫೆರಿಯದ್ದು ಇದೇ ಕುಟುಂಬದ ದೋಷ. ಜನ ಮಾತ್ರ ಹೋಗುವ ಲಾಂಚಿನ ಲಿಂಕಿಗೆ ಕಾರಿಗೂ ಅನುಮತಿ ಕೊಟ್ಟಿದ್ದರೆ, ಕಾರುಗಳೆಲ್ಲ ದೋಣಿಯ ವೇಗದಲ್ಲಿ ಆದರೆ ದೋಣಿಯ ಮಿತಿಯಿಲ್ಲದೆ ದಾಟುತ್ತವೆ. ಕಾರು ಹತ್ತುವ ಫೆರಿಯಾದರೂ ಕಾಯುವ ಸಮಯ ಹಾಕಲೇಬೇಕು. ಅರ್ಧ ಗಂಟೆಗೊಂದು ಫೆರಿ ಅಂದರೆ ಸರಾಸರಿ 15 ನಿಮಿಷ ಅನ್ನುವುದು ರೂಢಿ. ಗಂಟೆಗೊಂದೋ ಎರಡು ಗಂಟೆಗೊಂದೋ ಆದರೆ ಈ ರೂಢಿ ನಡೆಯುವುದಿಲ್ಲ. ಜನ ವೇಳಾಪಟ್ಟಿ ನೋಡಿಕೊಂಡು ಬರುತ್ತಾರೆ, ಸುಮ್ನೆ ಬಂದು ಗಂಟೆಗಟ್ಟಲೆ ಜೆಟ್ಟಿಯಲ್ಲಿ ಕೂರುವುದಿಲ್ಲ ಅಲ್ವಾ?

ನೇರ ದೂರ ಎಲ್ಲೋ ಉಳಿದುಕೊಂಡಿದೆಯೇ?

ಸೋರಿಕೆ ಇಲ್ಲ. ಆದರೂ ಒಟ್ಟು ದಾಟುವಿಕೆ ಜಾಸ್ತಿ ಬರುತ್ತಿದೆ. ಹಾಗಾದರೆ ಹಂಚಿಕೆಯ ಹಂತಕ್ಕೆ ಯಾವ ಸಮಯ ಕೊಟ್ಟಿದ್ದೀರಿ ಅಂತ ನೋಡಿ.

ಗ್ರಾವಿಟಿ ಮಾಡೆಲ್‌ನಲ್ಲಿ ಎರಡು ವಲಯಗಳ ನಡುವಿನ ಟ್ರಿಪ್ ಅವುಗಳ ಗಾತ್ರಕ್ಕೆ ತಕ್ಕಂತೆ ಏರುತ್ತದೆ, ನಡುವಿನ ಸಮಯ ಹೆಚ್ಚಿದಂತೆ ಇಳಿಯುತ್ತದೆ. ಎರಡು ವಲಯ ಅಳಿವೆಯ ಆಚೆ ಈಚೆ ಎದುರುಬದುರು ಇವೆ. ನೇರ ದೂರ 2 ಕಿ.ಮೀ. ಸೇತುವೆ ಬಳಸಿದರೆ 14 ಕಿ.ಮೀ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಮೊದಲನೆಯದು 4 ನಿಮಿಷ, ಎರಡನೆಯದು 28 ನಿಮಿಷ. ಪ್ರತಿ ನಿಮಿಷಕ್ಕೆ 0.1ರಂತೆ ಘಾತೀಯವಾಗಿ ಇಳಿಯುವ ಫಂಕ್ಷನ್ ಹಾಕಿದ್ದರೆ, ಮೊದಲನೆಯದಕ್ಕೆ ತೂಕ 0.67, ಎರಡನೆಯದಕ್ಕೆ 0.06. ಹನ್ನೊಂದು ಪಟ್ಟು ವ್ಯತ್ಯಾಸ! ನೇರ ದೂರದ ಒಂದು ಹಳೇ ಮ್ಯಾಟ್ರಿಕ್ಸ್ ಎಲ್ಲೋ ಒಂದು ಸ್ಕ್ರಿಪ್ಟ್‌ನಲ್ಲಿ ಉಳಿದುಕೊಂಡಿದ್ದರೆ ಸಾಕು, ತೀರದ ವಲಯಗಳೆಲ್ಲ ಎದುರು ದಂಡೆಯ ಜೊತೆ ಸಂಸಾರ ಹೂಡಿಬಿಡುತ್ತವೆ.

ಕಂಡುಹಿಡಿಯುವ ಬಗೆ: ಪ್ರತಿ ಜೋಡಿ ವಲಯಕ್ಕೂ ನೆಟ್‌ವರ್ಕ್ ದೂರವನ್ನು ನೇರ ದೂರದಿಂದ ಭಾಗಿಸಿ. ಒಂದೇ ದಂಡೆಯ ಜೋಡಿಗಳಲ್ಲಿ ಈ ಅನುಪಾತ ಒಂದಕ್ಕಿಂತ ತುಸುವೇ ಹೆಚ್ಚಿರುತ್ತದೆ. ನೀರಿನ ಆಚೆ ಈಚೆಯ ಜೋಡಿಗಳಲ್ಲಿ ಅದು ಎರಡು, ಮೂರು, ಏಳು ಹೀಗೆ ಏರಬೇಕು. ಏರದಿದ್ದರೆ ನೀವು ಓದುತ್ತಿರುವುದು ಬೇರೆ ಫೈಲ್. ಒಂದಕ್ಕಿಂತ ಕಡಿಮೆ ಬಂದರಂತೂ ನಿರ್ದೇಶಾಂಕ ಪದ್ಧತಿಯೋ ಮೈಲಿ–ಕಿಲೋಮೀಟರ್ ಗೊಂದಲವೋ ಇದೆ. ನೇರ ದೂರಕ್ಕಿಂತ ಹತ್ತಿರದ ದಾರಿ ಲೋಕದಲ್ಲಿಲ್ಲ.

ಇದೇ ದೋಷ ಬಸ್ ಹಂತದಲ್ಲೂ ವೇಷ ಬದಲಿಸಿ ಬರುತ್ತದೆ. ನಿಲ್ದಾಣದ ಸುತ್ತ 500 ಮೀಟರ್ ವೃತ್ತ ಎಳೆದು ಅದರೊಳಗಿನ ಜನರೆಲ್ಲ ನಡೆದು ಬರಬಲ್ಲರು ಅನ್ನುವುದು ರೂಢಿ. ಕಾಲುವೆಯ ಆಚೆ ದಂಡೆಯವರೂ ವೃತ್ತದೊಳಗೆ ಬೀಳುತ್ತಾರೆ. ಅವರು ಈಜಿ ಬಂದು ಬಸ್ ಹತ್ತಬೇಕಷ್ಟೆ. ವೃತ್ತ ಬಿಟ್ಟು ಕಾಲುದಾರಿಯ ನೆಟ್‌ವರ್ಕ್ ಮೇಲೆ ದೂರ ಅಳೆಯಿರಿ.

ಖಾಲಿ ರಸ್ತೆಯ ಸಮಯ, ಟೋಲ್, ಮತ್ತು ಸುತ್ತು

ನೆಟ್‌ವರ್ಕ್ ಸಮಯವೇ ಕೊಟ್ಟಿದ್ದೀರಿ, ಆದರೆ ಯಾವ ಹೊತ್ತಿನದು? ಖಾಲಿ ರಸ್ತೆಯ ಸಮಯ ಕೊಟ್ಟಿದ್ದರೆ ಹಂಚಿಕೆಯ ಹಂತಕ್ಕೆ ಸೇತುವೆ ಯಾವಾಗಲೂ ಬೆಳಗಿನ ಜಾವ ಇದ್ದಂತೆ ಕಾಣುತ್ತದೆ. ಟ್ರಿಪ್‌ಗಳು ಧಾರಾಳವಾಗಿ ನೀರು ದಾಟುತ್ತವೆ. ಅಸೈನ್‌ಮೆಂಟ್ ಮುಗಿದ ಮೇಲೆ ಬಂದ ದಟ್ಟಣೆಯ ಸಮಯವನ್ನು ಹಿಂದಕ್ಕೆ ಕೊಟ್ಟು ಮತ್ತೆ ಹಂಚಬೇಕು. ಸುತ್ತು ಹಾಕುವಾಗ ಹೊಸ ಸಮಯವನ್ನು ಹಾಗೇ ಹಾಕಿದರೆ ತೂಗುಯ್ಯಾಲೆ ಶುರುವಾಗುತ್ತದೆ. ಒಂದು ಸುತ್ತಿನಲ್ಲಿ ಸೇತುವೆ ತುಂಬಿ ತುಳುಕುತ್ತದೆ, ಮುಂದಿನದರಲ್ಲಿ ಭಣಗುಡುತ್ತದೆ. ಸುತ್ತುಗಳ ಸರಾಸರಿ ತೆಗೆದುಕೊಂಡು ಹೋಗುವ ಪದ್ಧತಿ ಹಾಕಿ. ಎರಡನೇ ಸುತ್ತಿನಲ್ಲಿ ಹೊಸದಕ್ಕೆ ಅರ್ಧ ತೂಕ, ಮೂರನೆಯದರಲ್ಲಿ ಮೂರನೇ ಒಂದು, ಹೀಗೆ. ಸೇತುವೆಯ ಸಂಖ್ಯೆಯನ್ನೇ ಸುತ್ತು ಸುತ್ತಿಗೆ ಗ್ರಾಫ್ ಹಾಕಿ ನೋಡಿದರೆ ನೆಲೆಗೆ ಬಂದಿದೆಯೇ ಅಂತ ಗೊತ್ತಾಗುತ್ತದೆ. ಇಡೀ ಊರಿನ ಸರಾಸರಿ ನೋಡಿದರೆ ಗೊತ್ತಾಗುವುದಿಲ್ಲ.

ಟೋಲ್ ಕೂಡ ಸಮಯವಾಗಿ ಬದಲಾಗಿ ಒಳಗೆ ಬಂದಿರಬೇಕು. ಟೋಲ್ ಮೊತ್ತ ಒಬ್ಬರ ಒಂದು ಗಂಟೆಯ ಬೆಲೆಯ ಮೂರನೇ ಒಂದರಷ್ಟಿದ್ದರೆ ಅದು 20 ನಿಮಿಷಕ್ಕೆ ಸಮ. ಅಸೈನ್‌ಮೆಂಟ್‌ನಲ್ಲಿ ಮಾತ್ರ ಟೋಲ್ ಹಾಕಿ ಹಂಚಿಕೆಯಲ್ಲಿ ಮರೆತಿರುವುದು ಬಹಳ ಸಾಮಾನ್ಯ. ಆಗ ಟ್ರಿಪ್‌ಗಳು ಸೇತುವೆ ದಾಟಬೇಕೆಂದು ಮೊದಲೇ ತೀರ್ಮಾನ ಮಾಡಿ ಬಂದಿರುತ್ತವೆ, ಟೋಲ್ ಇಲ್ಲದ ಸೇತುವೆಗೆ ಎಲ್ಲವೂ ಮುಗಿಬೀಳುತ್ತವೆ. ಒಂದರಲ್ಲಿ ಶೇ. 40 ಜಾಸ್ತಿ, ಪಕ್ಕದ್ದರಲ್ಲಿ ಶೇ. 20 ಕಡಿಮೆ ಅನ್ನುವ ಲಕ್ಷಣಕ್ಕೆ ನಾನು ಮೊದಲು ಅನುಮಾನಿಸುವುದು ಇದನ್ನೇ.

ಹಂಚಿಕೆಯನ್ನು ಸರಿಹೊಂದಿಸಿದಾಗ ಸರಾಸರಿ ಪ್ರಯಾಣದ ಉದ್ದ ಸಮೀಕ್ಷೆಗೆ ಕೂಡಿಬಂದಿದೆ ಅಂತ ಸಮಾಧಾನಪಟ್ಟುಕೊಳ್ಳಬೇಡಿ. ಸರಾಸರಿ ಸರಿಯಿದ್ದೂ ದಾಟುವವರ ಪಾಲು ತಪ್ಪಿರಬಹುದು. ಮ್ಯಾಟ್ರಿಕ್ಸನ್ನು ಮೂರು ತುಂಡು ಮಾಡಿ: ಈ ದಂಡೆಯೊಳಗೆ, ಆ ದಂಡೆಯೊಳಗೆ, ದಾಟುವವು. ಮೂರನ್ನೂ ಬೇರೆಬೇರೆಯಾಗಿ ಸಮೀಕ್ಷೆಯ ಜೊತೆ ಇಟ್ಟು ನೋಡಿ.

ಟ್ರಿಪ್ ಹುಟ್ಟುವ ಹಂತ

ಇಲ್ಲಿ ನೋಡಬೇಕಾದ್ದು ಕಡಿಮೆ. ಬೀಚ್ ಇರುವ ವಲಯದಲ್ಲಿ ಜನಸಂಖ್ಯೆ ಸೊನ್ನೆ, ಉದ್ಯೋಗ ಸೊನ್ನೆ, ಹಾಗಾಗಿ ಟ್ರಿಪ್ಪೂ ಸೊನ್ನೆ. ಕಂಟೇನರ್ ಬಂದರಿನಲ್ಲಿ ಕೆಲಸಗಾರರು ಕಡಿಮೆ, ಲಾರಿಗಳು ರಾಶಿ. ವಿಮಾನ ನಿಲ್ದಾಣ, ಮೀನುಗಾರಿಕೆ ಬಂದರು, ಇವೆಲ್ಲ ಉದ್ಯೋಗದ ಸಂಖ್ಯೆಗೆ ದರ ಗುಣಿಸಿದರೆ ಬರುವುದಿಲ್ಲ. ಅವಕ್ಕೆ ಗೇಟಿನ ಎಣಿಕೆಯಿಂದ ಪ್ರತ್ಯೇಕವಾಗಿ ಟ್ರಿಪ್ ಕೊಡಿ. ತೀರದ ರಜಾ ಮನೆಗಳನ್ನು ವರ್ಷಪೂರ್ತಿ ಕುಟುಂಬ ಇರುವ ಮನೆ ಅಂತ ಎಣಿಸಿದ್ದರೆ, ಬೀಗ ಹಾಕಿದ ಮನೆಗಳಿಂದಲೂ ಬೆಳಿಗ್ಗೆ ಜನ ಕೆಲಸಕ್ಕೆ ಹೊರಡುತ್ತಾರೆ. ಮನೆಗಳ ಸಂಖ್ಯೆ ಬಿಟ್ಟು ಜನ ವಾಸವಿರುವ ಮನೆಗಳ ಸಂಖ್ಯೆ ಹಾಕಿ.

ವಾಹನ ಆಯ್ಕೆ: ಒಟ್ಟು ಸರಿ, ಒಳಗೆ ತಪ್ಪು

ಯಾವ ವಾಹನಕ್ಕೆ ಎಷ್ಟು ಪಾಲು ಜನ ಅಂತ ಲೆಕ್ಕ ಹಾಕುವ ಸರಳ ಲಾಜಿಟ್ ಮಾಡೆಲ್‌ಗೆ ಹೊಸ ಆಯ್ಕೆಯೊಂದನ್ನು ಸೇರಿಸಿದರೆ ಅದು ಉಳಿದೆಲ್ಲದರಿಂದಲೂ ಒಂದೇ ಅನುಪಾತದಲ್ಲಿ ಜನರನ್ನು ಕಸಿಯುತ್ತದೆ. ಕಾರು ಶೇ. 60, ಬಸ್ ಶೇ. 40 ಇದ್ದಲ್ಲಿಗೆ ಫೆರಿ ಬಂದು ಶೇ. 10 ತೆಗೆದುಕೊಂಡರೆ, ಕಾರು 54, ಬಸ್ 36. ನಿಜದಲ್ಲಿ ಫೆರಿ ಹತ್ತುವವರಲ್ಲಿ ಬಸ್ಸಿನವರೇ ಜಾಸ್ತಿ ಇರುವ ಸಾಧ್ಯತೆ ಹೆಚ್ಚು. ಅಂದರೆ ಸೇತುವೆಯ ಮೇಲಿನ ಕಾರು ಅಷ್ಟೇನೂ ಕಡಿಮೆಯಾಗಿರುವುದಿಲ್ಲ, ಮಾಡೆಲ್ ಕಡಿಮೆ ಮಾಡಿಬಿಟ್ಟಿರುತ್ತದೆ. ಬಸ್ ಮತ್ತು ಫೆರಿಯನ್ನು ಒಂದು ಗೂಡಿನಲ್ಲಿ ಇಟ್ಟು ನೆಸ್ಟೆಡ್ ಲಾಜಿಟ್ ಮಾಡಿ. ಗೂಡಿನ ಗುಣಾಂಕ 0 ಮತ್ತು 1ರ ನಡುವೆ ಬರಬೇಕು. 1 ದಾಟಿದರೆ ಗೂಡು ಕಟ್ಟಿದ್ದೇ ತಪ್ಪು.

ಒಟ್ಟು ಪಾಲು ಸರಿಬಂದರೆ ಇಲ್ಲಿಗೆ ನಿಲ್ಲಿಸಬೇಡಿ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಬಾರ್ಟ್ ರೈಲು 1972ರಲ್ಲಿ ಓಡಾಟ ಶುರು ಮಾಡಿತು. ಕೆಲಸಕ್ಕೆ ಹೋಗುವವರಲ್ಲಿ ಶೇ. 15 ಮಂದಿ ರೈಲು ಹತ್ತುತ್ತಾರೆ ಅಂತ ಅಧಿಕೃತ ಅಂದಾಜು ಇತ್ತು. ಡೇನಿಯಲ್ ಮ್ಯಾಕ್‌ಫ್ಯಾಡನ್ ತಂಡದ ಲಾಜಿಟ್ ಮಾಡೆಲ್ ಹೇಳಿದ್ದು ಶೇ. 6.3. ನಿಜಕ್ಕೂ ಬಂದದ್ದು ಶೇ. 6.2. ಮ್ಯಾಕ್‌ಫ್ಯಾಡನ್ 2000ದಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಆಗ ಅವರೇ ಇದನ್ನು ಬಿಡಿಸಿ ಹೇಳಿದ್ದಾರೆ: ನಿಲ್ದಾಣಕ್ಕೆ ನಡೆದು ಬರುವವರನ್ನು ಮಾಡೆಲ್ ಜಾಸ್ತಿ ಅಂದಾಜಿಸಿತ್ತು, ಕಾರಿನಲ್ಲಿ ಬಂದು ರೈಲು ಹತ್ತುವವರನ್ನು ಕಡಿಮೆ. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿದ್ದರಿಂದ ಒಟ್ಟು ಕೂಡಿಬಂತು. ನಿಲ್ದಾಣದ ಪಾರ್ಕಿಂಗ್ ಎಷ್ಟು ಬೇಕು ಅಂತ ಆ ಮಾಡೆಲನ್ನು ಕೇಳಿದ್ದರೆ ಉತ್ತರ ತಪ್ಪುತ್ತಿತ್ತು.

ಅಸೈನ್‌ಮೆಂಟ್: ಯೂನಿಟ್ ಮತ್ತು ನಿಲ್ಲಿಸುವ ಹೊತ್ತು

ಒಟ್ಟು ದಾಟುವಿಕೆ ಸರಿಯಾಯಿತು, ಸೇತುವೆಗಳ ನಡುವಿನ ಪಾಲು ಇನ್ನೂ ತಪ್ಪಿದೆ. ಮೊದಲು ಸಾಮರ್ಥ್ಯದ ಯೂನಿಟ್ ನೋಡಿ.

ದಟ್ಟಣೆ ಲೆಕ್ಕ ಹಾಕಲು ಅಮೆರಿಕದ ಬ್ಯೂರೋ ಆಫ್ ಪಬ್ಲಿಕ್ ರೋಡ್ಸ್ 1964ರಲ್ಲಿ ಕೊಟ್ಟ ಬಿಪಿಆರ್ ಸೂತ್ರ ಇಂದಿಗೂ ಎಲ್ಲ ಕಡೆ ಇದೆ. ವಾಹನ ಸಂಖ್ಯೆಯನ್ನು ಸಾಮರ್ಥ್ಯದಿಂದ ಭಾಗಿಸಿ, ನಾಲ್ಕನೇ ಘಾತಕ್ಕೆ ಏರಿಸಿ, 0.15ರಿಂದ ಗುಣಿಸಿ, 1 ಕೂಡಿಸಿದರೆ ಖಾಲಿ ರಸ್ತೆಯ ಸಮಯ ಎಷ್ಟು ಪಟ್ಟು ಆಗುತ್ತದೆ ಅಂತ ಸಿಗುತ್ತದೆ. ನಾಲ್ಕನೇ ಘಾತ ಇರುವುದರಿಂದ ಯೂನಿಟ್ ತಪ್ಪಿದರೆ ಕಥೆ ಮುಗಿಯಿತು. ಬೆಳಗಿನ 3 ಗಂಟೆಗಳಲ್ಲಿ 9,000 ವಾಹನ, ಸಾಮರ್ಥ್ಯ ಗಂಟೆಗೆ 3,600. ಸರಿಯಾಗಿ ಮಾಡಿದರೆ ಗಂಟೆಗೆ 3,000, ಅನುಪಾತ 0.83, ಸಮಯ 1.07 ಪಟ್ಟು. ಆರಾಮದ ಪ್ರಯಾಣ. ಮೂರು ಗಂಟೆಯ ವಾಹನವನ್ನು ಒಂದು ಗಂಟೆಯ ಸಾಮರ್ಥ್ಯದಿಂದ ಭಾಗಿಸಿದರೆ ಅನುಪಾತ 2.5, ಸಮಯ 6.9 ಪಟ್ಟು. ಹತ್ತು ನಿಮಿಷದ ಸೇತುವೆ ಒಂದು ಗಂಟೆ ದಾಟುತ್ತದೆ, ಎಲ್ಲರೂ ಊರು ಬಳಸಿ ಹೋಗುತ್ತಾರೆ. ಒಂದೇ ಒಂದು ಸೇತುವೆಯ ಲಿಂಕಿಗೆ ಬೇರೆಯವರು ಬೇರೆ ಯೂನಿಟ್‌ನಲ್ಲಿ ಸಂಖ್ಯೆ ತುಂಬಿದ್ದರೂ ಸಾಕು.

ಬಿಗಿಯುವ ಜಾಗ ಸೇತುವೆಯೇ ಅಂತಲೂ ನೋಡಿಕೊಳ್ಳಿ. ಎಷ್ಟೋ ಕಡೆ ಸೇತುವೆ ಅಗಲವಾಗಿಯೇ ಇರುತ್ತದೆ, ಇಳಿದ ಕೂಡಲೇ ಬರುವ ಸಿಗ್ನಲ್ ಹಿಡಿದಿಡುತ್ತದೆ. ಆ ಸಿಗ್ನಲ್ ನೆಟ್‌ವರ್ಕ್‌ನಲ್ಲಿ ಇಲ್ಲದಿದ್ದರೆ ಮಾಡೆಲ್‌ಗೆ ಅದು ಹೆದ್ದಾರಿ.

ಇನ್ನು ನಿಲ್ಲಿಸುವ ಹೊತ್ತು. ಸಾರಿಗೆ ಸಂಶೋಧಕ ವಾರ್ಡ್ರಪ್ 1952ರಲ್ಲಿ ಹೇಳಿದ ಸಮತೋಲನ ಇಷ್ಟು: ಬಳಕೆಯಲ್ಲಿರುವ ದಾರಿಗಳ ಸಮಯ ಎಲ್ಲ ಒಂದೇ, ಬಳಸದ ದಾರಿಗಳದ್ದು ಅದಕ್ಕಿಂತ ಕಡಿಮೆಯಲ್ಲ. ಅಲ್ಲಿಗೆ ಎಷ್ಟು ಹತ್ತಿರ ಬಂದಿದ್ದೇವೆ ಅಂತ ಹೇಳುವುದು ರಿಲೇಟಿವ್ ಗ್ಯಾಪ್. ಈ ಸಮತೋಲನ ಹುಡುಕುವ ಹಳೇ ಫ್ರಾಂಕ್–ವುಲ್ಫ್ ವಿಧಾನ ಶುರುವಿನಲ್ಲಿ ಬೇಗ ಓಡಿ ಕೊನೆಗೆ ತೆವಳುತ್ತದೆ. ಕಾದು ಬೇಸತ್ತವರು ಗ್ಯಾಪ್ 0.01 ಆಗುತ್ತಲೇ ನಿಲ್ಲಿಸುತ್ತಾರೆ. ಸಂಶೋಧಕ ಡೇವಿಡ್ ಬಾಯ್ಸ್ ಮತ್ತು ಜೊತೆಗಾರರು 2004ರಲ್ಲಿ ಇದನ್ನು ಪರೀಕ್ಷಿಸಿ, ಲಿಂಕ್ ಸಂಖ್ಯೆ ಸ್ಥಿರವಾಗಬೇಕಾದರೆ 0.0001 ಬೇಕು ಅಂದರು. ಪಕ್ಕಪಕ್ಕದ ಎರಡು ಸೇತುವೆಗಳ ವಿಚಾರದಲ್ಲಿ ಇದು ತುಂಬಾ ಮುಖ್ಯ. ಸಮಯದಲ್ಲಿ ಅರ್ಧ ನಿಮಿಷ ವ್ಯತ್ಯಾಸವಿರುವ ದಾರಿಗಳ ನಡುವೆ ಸಾವಿರಾರು ವಾಹನ ಅತ್ತಿತ್ತ ಹೊಯ್ದಾಡುತ್ತಿರುತ್ತವೆ.

ಕೆ ಅಂಶ ಮತ್ತು ಮ್ಯಾಟ್ರಿಕ್ಸ್ ತಿದ್ದುವಿಕೆ

ಇಷ್ಟೆಲ್ಲ ಮಾಡಿದ ಮೇಲೂ ಸ್ವಲ್ಪ ಉಳಿಯುತ್ತದೆ. ಆಗ ಕೈ ಕೆ ಅಂಶದ ಕಡೆ, ಅಂದರೆ ಆಯ್ದ ಜೋಡಿ ವಲಯಗಳ ಟ್ರಿಪ್‌ಗಳನ್ನು ಕೈಯಾರೆ ಏರಿಸಿ ಇಳಿಸುವ ಗುಣಕದ ಕಡೆ ಹೋಗುತ್ತದೆ. ದಾಟುವ ಜೋಡಿಗಳನ್ನು 0.6ರಿಂದ ಗುಣಿಸಿದರೆ ಸೇತುವೆ ಕೂಡಿಬರುತ್ತದೆ, ವರದಿಯೂ ಚಂದ ಕಾಣುತ್ತದೆ. ಎಣಿಕೆ ಕೊಟ್ಟು ಮ್ಯಾಟ್ರಿಕ್ಸನ್ನೇ ಹಿಂದಿನಿಂದ ತಿದ್ದುವುದೂ ಇದೇ ಬಗೆಯದು. ಡೆಡ್‌ಲೈನ್ ಹತ್ತಿರ ಬಂದಾಗ ಇದು ಎಷ್ಟು ಹಿತವಾಗಿ ಕಾಣುತ್ತದೆ ಅಂತ ಗೊತ್ತು.

ನೀರು ಜನರ ಮನಸ್ಸಿನಲ್ಲೂ ಒಂದು ಗಡಿ. ಆಚೆ ದಂಡೆಯಲ್ಲಿ ಕೆಲಸ ಹುಡುಕದವರು, ಮಕ್ಕಳನ್ನು ಅಲ್ಲಿಯ ಶಾಲೆಗೆ ಕಳಿಸದವರು ಇರುತ್ತಾರೆ. ಸಮಯವೊಂದೇ ಇದನ್ನೆಲ್ಲ ಹೇಳುವುದಿಲ್ಲ. ಹಾಗಾಗಿ ಸಣ್ಣ ಕೆ ಅಂಶಕ್ಕೆ ನನ್ನ ತಕರಾರಿಲ್ಲ. ಆದರೆ 0.6 ಬೇಕಾಗುತ್ತಿದೆ ಅಂದರೆ ಮೇಲಿನ ಯಾವುದೋ ದೋಷ ಇನ್ನೂ ಸಿಕ್ಕಿಲ್ಲ ಅಂತಲೇ ನಾನು ಓದಿಕೊಳ್ಳುತ್ತೇನೆ. ಮ್ಯಾಟ್ರಿಕ್ಸ್ ತಿದ್ದಿದ್ದರೆ, ತಿದ್ದುವ ಮುಂಚಿನ ಮತ್ತು ನಂತರದ ಪ್ರಯಾಣದ ಉದ್ದದ ಹಂಚಿಕೆಯನ್ನು ಒಂದರ ಮೇಲೊಂದು ಇಟ್ಟು ನೋಡಿ. ಸೇತುವೆಯ ಬುಡದಲ್ಲೇ ಹುಟ್ಟಿ ಆಚೆ ಬುಡದಲ್ಲೇ ಮುಗಿಯುವ ಪುಟ್ಟ ಟ್ರಿಪ್‌ಗಳು ದಿಢೀರ್ ಹೆಚ್ಚಿದ್ದರೆ, ಎಣಿಕೆ ತುಂಬಿಸಲು ಸಾಫ್ಟ್‌ವೇರ್ ತಾನೇ ಸೃಷ್ಟಿಸಿದ ಪ್ರಯಾಣಿಕರು ಅವರು.

ಸರಿಯಾಯಿತೇ ಅಂತ ನೋಡುವುದು

ಇಂದಿನ ಎಣಿಕೆಗೆ ಕೂಡಿಬಂದಿದ್ದು ಸಾಲದು. ಮಾಡೆಲನ್ನು ಅಲುಗಾಡಿಸಿ ನೋಡಬೇಕು. ಒಂದು ಸೇತುವೆಯ ಒಂದು ಲೇನ್ ಮುಚ್ಚಿ. ಪಕ್ಕದ ಸೇತುವೆ, ಫೆರಿ ಎರಡಕ್ಕೂ ಜನ ಹೋಗಬೇಕು, ಒಟ್ಟು ದಾಟುವಿಕೆ ಸ್ವಲ್ಪ ಇಳಿಯಬೇಕು. ಟೋಲನ್ನು ಒಂದೂವರೆ ಪಟ್ಟು ಮಾಡಿ. ಟೋಲ್ ಇಲ್ಲದ ಸೇತುವೆ ಏರಬೇಕು, ಆದರೆ ಬಿಟ್ಟುಹೋದವರೆಲ್ಲ ಅಲ್ಲಿಗೇ ಬಂದು ಬೀಳಬಾರದು. ಕೆಲವರು ದಾಟುವುದನ್ನೇ ಬಿಡಬೇಕು.

ಕೊನೆಗೆ ಇಲ್ಲದ ಸೇತುವೆಯೊಂದನ್ನು ಅಳಿವೆಯ ಬಾಯಲ್ಲಿ ಹಾಕಿ ಓಡಿಸಿ. ಎದುರುಬದುರು ವಲಯಗಳ ನಡುವಿನ 28 ನಿಮಿಷ 5 ನಿಮಿಷಕ್ಕೆ ಇಳಿದರೂ ದಾಟುವ ಟ್ರಿಪ್‌ಗಳ ಒಟ್ಟು ಅಲ್ಲಾಡದೆ ಕೂತಿದ್ದರೆ, ದಟ್ಟಣೆಯ ಸಮಯ ಹಂಚಿಕೆಗೆ ಹಿಂದಿರುಗುತ್ತಿಲ್ಲ, ಇಲ್ಲವೇ ತಿದ್ದಿದ ಮ್ಯಾಟ್ರಿಕ್ಸ್ ಹಂಚಿಕೆಯ ಹಂತವನ್ನೇ ಮುಚ್ಚಿ ಕೂತಿದೆ. ಒಟ್ಟು ಒಂದೇ ಸಲ ಮೂರು ಪಟ್ಟಾದರೆ ಸಮಯದ ಫಂಕ್ಷನ್ ತೀರಾ ಕಡಿದಾಗಿದೆ. ಎರಡರಲ್ಲಿ ಯಾವುದು ಬಂದರೂ ಮ್ಯಾಟ್ರಿಕ್ಸಿನ ಮೂರು ತುಂಡುಗಳಿಗೆ ವಾಪಸ್ ಹೋಗಿ, ಅಲ್ಲಿಂದ ಮತ್ತೆ ಶುರು ಮಾಡಿ.